ಮುನಿನಾರಾಯಣಮ್ಮ ಲ್ಯಾಪ್‌ಟಾಪು ತೊಳೆದದ್ದು

ಅಮೃತಹಳ್ಳಿಯ ಮುನಿನಾರಾಯಣಮ್ಮನ ಕೈಗೆ ಸಿಕ್ಕ ಯಾವ ವಸ್ತುವೂ ಕೊಳೆಯಾಗಿ ಉಳಿದದ್ದಿಲ್ಲ. ಆಕೆಯ ಮನೆಯ ತಾಮ್ರದ ಬಿಂದಿಗೆಯಲ್ಲಿ ಮುಖ ನೋಡಿಕೊಂಡು ಬೈತಲೆ ತೆಗೆಯಬಹುದಿತ್ತು. ಮೇಲಿನ ಬಾಡಿಗೆ ಮನೆಗಳ ಹುಡುಗಿಯರು ತಾರಸಿಯ ತಂತಿಗೆ ಬಟ್ಟೆ ಹಾಕಿ ಕೆಲಸಕ್ಕೆ ಹೋದರೆ, ಈಕೆ ಹೋಗಿ ಒಂದೊಂದೇ ಕಾಲರ್ ತಿರುಗಿಸಿ ನೋಡಿ, ‘ಇದೇನ್ ಒಗ್ಯಾಣವೋ’ ಎಂದು ಇಳಿಸಿಕೊಂಡು ಬಂದು ಇನ್ನೊಮ್ಮೆ ಒಗೆದು ಹಾಕಿದ್ದೂ ಉಂಟು. ಹುಡುಗಿಯರಿಗೆ ನಾಚಿಕೆ, ಈಕೆಗೆ ಸಮಾಧಾನ. ಇದೊಂದು ಕಾಯಿಲೆ ಎಂದು ಗಂಡ ಆನಂದಪ್ಪ ಗೊಣಗುತ್ತಿದ್ದ. ಕಾಯಿಲೆ ಇದ್ದರೂ ಇರಬಹುದು, ಆದರೆ ಅದನ್ನು ಅಂಟಿಸಿದವಳು ಆತನ ತಾಯಿಯೇ.

ಮುನಿನಾರಾಯಣಮ್ಮ ಆ ಮನೆಗೆ ಸೊಸೆಯಾಗಿ ಬಂದಾಗ ಅಮೃತಹಳ್ಳಿ ಹಳ್ಳಿಯೇ ಆಗಿತ್ತು. ಈಗ ಅಪಾರ್ಟ್‌ಮೆಂಟು ನಿಂತು ಸ್ವಿಮ್ಮಿಂಗ್ ಪೂಲು ತೋಡಿರುವ ಕಡೆ ಆಗ ಅವರ ದ್ರಾಕ್ಷಿ ಚಪ್ಪರವಿತ್ತು. ಅತ್ತೆ ಲಕ್ಕಮ್ಮ ಹೊಸ ಸೊಸೆಯನ್ನು ಕೂರಿಸಿ ಉಪಚಾರ ಮಾಡುವ ಪೈಕಿ ಅಲ್ಲ. ಮೊದಲ ಆಯುಧಪೂಜೆಗೆ ಗುದ್ದಲಿ, ಕುಡುಗೋಲು, ದ್ರಾಕ್ಷಿ ಬಳ್ಳಿ ಸವರುವ ಕತ್ತರಿ, ಔಷಧಿ ಹೊಡೆಯುವ ಪಂಪು ಎಲ್ಲವನ್ನೂ ಅಂಗಳಕ್ಕೆ ಎಸೆದು, ‘ತೊಳಿ’ ಎಂದಳು. ಹುಡುಗಿ ತೊಳೆದಳು. ಲಕ್ಕಮ್ಮ ಬಂದು ಕತ್ತರಿಯ ಸಂದಿಯಲ್ಲಿ ಹೆಬ್ಬೆರಳ ಉಗುರು ಆಡಿಸಿ, ಉಗುರಿಗೆ ಬಂದ ಕರಿಯನ್ನು ಸೊಸೆಯ ಕಣ್ಣ ಮುಂದೆ ಹಿಡಿದು, ‘ತಿರ್ಗಾ ತೊಳಿ’ ಎಂದಳು. ಹುಡುಗಿ ಅಳುತ್ತಾ ಮತ್ತೆ ತೊಳೆದಳು. ಉಗುರಿಗೆ ಏನೂ ಬಾರದಂತಾದ ಮೇಲೆಯೇ ಲಕ್ಕಮ್ಮ ಕುಂಕುಮದ ಬಟ್ಟಲು ಮುಟ್ಟಿದ್ದು.

“ಅನ್ನ ಇಕ್ಕೋದು ಇವೇ ಕಣೇ. ಮೈ ತೊಳೀದೆ ಮಗೀಗ್ ಬೊಟ್ಟಿಡ್ತೀಯಾ? ಇವುಕ್ಕೂ ಅಂಗೇ,” ಎಂದಿದ್ದಳು.

ಹೇಳಿದ್ದು ಅಷ್ಟೇ. ಹುಡುಗಿಯ ಮನಸ್ಸಿನಲ್ಲಿ ಅದು ಕೂತುಬಿಟ್ಟಿತು. ಲಕ್ಕಮ್ಮ ಹೋದಳು, ಚಪ್ಪರ ಹೋಯಿತು, ಭೂಮಿ ಲೇಔಟಾಗಿ ಆನಂದಪ್ಪ ಬಾಡಿಗೆ ಮನೆಗಳ ಓನರಾಗಿ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತ. ಮಗ ಮುನೇಶ್ ಟಿಪ್ಪರ್ ಲಾರಿ ಇಟ್ಟ. ಆದರೂ ವರ್ಷಕ್ಕೊಮ್ಮೆ ಮುನಿನಾರಾಯಣಮ್ಮ ಸ್ಟೋರ್ ರೂಮಿನಿಂದ ಆ ಹಳೇ ಕುಡುಗೋಲುಗಳನ್ನು ತೆಗೆದು ತೊಳೆಯುತ್ತಿದ್ದಳು. ಅವುಗಳ ಜೊತೆಗೆ ಈಗ ಮಿಕ್ಸಿ, ಗ್ರೈಂಡರು, ಗ್ಯಾಸ್ ಒಲೆ, ಮುನೇಶನ ಬೈಕು. ಟಿಪ್ಪರನ್ನಂತೂ ಪೈಪು ಹಿಡಿದು ಚಕ್ರದ ಒಳಮೈಯವರೆಗೂ ಉಜ್ಜಿಸುತ್ತಿದ್ದಳು. ತೊಳೆಯದ ವಸ್ತುವಿಗೆ ಆಕೆಯ ಮನೆಯಲ್ಲಿ ಬೊಟ್ಟು ಬೀಳುತ್ತಿರಲಿಲ್ಲ.

ಅಂಥ ಮನೆಗೆ ಜಾಲಹಳ್ಳಿಯ ಕ್ವಾರ್ಟರ್ಸಿನಲ್ಲಿ ಬೆಳೆದ ಶಶಿರೇಖಾ ಸೊಸೆಯಾಗಿ ಬಂದಳು. ಅಪ್ಪ ಫ್ಯಾಕ್ಟರಿ ನೌಕರ, ಹುಡುಗಿ ಓದಿದವಳು, ರಿಂಗ್ ರೋಡಿನ ಟೆಕ್ ಪಾರ್ಕಿನಲ್ಲಿ ಕೆಲಸ. ಹೊರದೇಶದ ಡಾಕ್ಟರುಗಳು ರೋಗಿಯ ಬಗ್ಗೆ ಬಾಯಲ್ಲಿ ಹೇಳಿದ್ದನ್ನು ಯಾರೋ ಟೈಪು ಮಾಡುತ್ತಾರೆ, ಅದರಲ್ಲಿ ತಪ್ಪಿದೆಯೇ ಎಂದು ಕೇಳಿಸಿಕೊಂಡು ತಿದ್ದುವುದು ಅವಳ ಕೆಲಸ. ಹೆರಿಗೆ ರಜೆ ಮುಗಿದ ಮೇಲೆ ಅವಳ ಮ್ಯಾನೇಜರು ಕಾಶಿನಾಥ, ಎದೆಹಾಲು ಕುಡಿಯುವ ಮಗುವಿದೆ ಎಂದು, ಮನೆಯಿಂದಲೇ ಕೆಲಸ ಮಾಡಲು ಬಿಟ್ಟು ಕಂಪನಿಯ ಲ್ಯಾಪ್‌ಟಾಪು ಕೊಟ್ಟು ಕಳಿಸಿದ್ದ. ಒಂದು ಷರತ್ತು ಹಾಕಿದ್ದ. ಮಿಷಿನ್ನಿನ ಜೋಪಾನ ಅವಳದು. ಆಕಸ್ಮಿಕವಾಗಿ ಏನಾದರೂ ಆದರೆ ಸರಿ, ಯಾರಾದರೂ ಬೇಕೆಂದೇ ಹಾಳು ಮಾಡಿದರೆ ಮನೆಯಿಂದ ಕೆಲಸ ಮಾಡುವುದು ಬಂದ್, ದಿನಾ ಆಫೀಸಿಗೆ ಬರಬೇಕು. ಶಿಫ್ಟು ಮುಗಿಯುವುದು ಕತ್ತಲಾದ ಮೇಲೆ. ಮೊಲೆ ಬಿಡದ ಕೂಸನ್ನು ಬಿಟ್ಟು ಅಷ್ಟು ಹೊತ್ತು ಅವಳು ಹೋಗುವ ಹಾಗಿರಲಿಲ್ಲ. ಅಂದರೆ ಆ ಲ್ಯಾಪ್‌ಟಾಪು ಇದ್ದರೆ ಅವಳಿಗೆ ಕೆಲಸ, ಇಲ್ಲದಿದ್ದರೆ ಇಲ್ಲ.

ಇಲ್ಲದಿರಲಿ ಎಂದು ಕಾಯುತ್ತಿದ್ದವನು ಆನಂದಪ್ಪ. ಸೊಸೆ ಕೆಲಸಕ್ಕೆ ಹೋಗುವುದೇ ಆತನ ಕಣ್ಣಿಗೆ ಕಸ. ‘ನಮ್ಮನೇಲಿ ಏನ್ ಕಮ್ಮಿ ಆಗೈತೆ ಅಂತ ಆ ಡಬ್ಬಿ ಕುಟ್ಟಬೇಕು? ಊರೋರ್ ಏನಂತಾರೆ?’ ಎಂದು ವರ್ಷದಿಂದ ಬಾಯಿ ಬಡಿದುಕೊಂಡಿದ್ದ. ಊರು ಎಂದರೆ ಆತನ ಲೆಕ್ಕದಲ್ಲಿ ಬೀದಿ ಕೊನೆಯ ಬೇಕರಿಯ ಮುಂದೆ ಟೀ ಕುಡಿಯುವ ಆತನ ಗೆಳೆಯರು. ಅವರಿಗೆ ಬೇರೆ ಕೆಲಸವೂ ಇರಲಿಲ್ಲ.

ಮುನಿನಾರಾಯಣಮ್ಮ ಆ ವಿಷಯದಲ್ಲಿ ತಲೆಹಾಕುತ್ತಿರಲಿಲ್ಲ. ಸೊಸೆ ಕಿವಿಗೆ ಅದೇನೋ ಸಿಕ್ಕಿಸಿಕೊಂಡು ಕೂತರೆ ಮಗುವನ್ನು ಸೊಂಟಕ್ಕೇರಿಸಿಕೊಂಡು ಹಿತ್ತಲಿಗೆ ಹೋಗುವಳು, ಹಸಿವಾದಾಗ ತಂದು ಮಡಿಲಿಗೆ ಹಾಕುವಳು. ಆದರೆ ಪಿತೃಪಕ್ಷದಲ್ಲಿ ಒಂದು ದಿನ ಮಗು ಹಟ ಹಿಡಿದು ಅತ್ತು, ಸೊಸೆ ಒಳಗಿಂದ ಏಳಲಾಗದೆ, ಇತ್ತ ಎಡೆ ಅಡುಗೆ ಒಲೆಯ ಮೇಲೆ ಸೀದು, ಆಕೆಯ ತಲೆ ಕೆಟ್ಟುಹೋಗಿತ್ತು. ಕಾಂಪೌಂಡಿನಾಚೆ ನಿಂತಿದ್ದ ಪಕ್ಕದ ಮನೆಯ ನೀಲಕ್ಕನಿಗೆ, ‘ಆ ಡಬ್ಬಿ ಒಂದು ಆಳಾಗ್ ಓದ್ರೆ ಸಾಕಾಗೈತೆ ಕಣೇ ನಂಗೆ’ ಎಂದುಬಿಟ್ಟಿದ್ದಳು. ಸಿಟ್ಟಿನಲ್ಲಿ ಬಂದ ಮಾತು. ಸಂಜೆಗೆ ಆಕೆಗೇ ಅದು ಮರೆತುಹೋಗಿತ್ತು.

ಅದು ಎರಡು ಸಾವಿರದ ಹದಿನೈದನೇ ಇಸವಿ. ಆಯುಧಪೂಜೆಯ ಹಿಂದಿನ ಸಂಜೆ ಶಶಿರೇಖಾ ಮಗುವನ್ನು ಕರೆದುಕೊಂಡು ತವರಿಗೆ ಹೋದಳು. ಹಬ್ಬದ ರಜೆಯಾದ್ದರಿಂದ ಲ್ಯಾಪ್‌ಟಾಪು ರೂಮಿನ ಮೇಜಿನ ಮೇಲೇ ಇತ್ತು. ಬೆಳಗ್ಗೆ ಮುನಿನಾರಾಯಣಮ್ಮ ಸೆರಗು ಸಿಕ್ಕಿಸಿ ಅಂಗಳಕ್ಕಿಳಿದಳು. ಮಿಕ್ಸಿ ಆಯಿತು, ಗ್ರೈಂಡರು ಆಯಿತು, ಮುನೇಶನ ಟಿಪ್ಪರು ಹೊಸ ಮದುವಣಿಗನಾಯಿತು. ಎಲ್ಲವನ್ನೂ ಸಾಲಾಗಿ ಜೋಡಿಸಿ ಚೆಂಡು ಹೂವು ಏರಿಸುವಾಗ ಆಕೆಗೆ ಥಟ್ಟನೆ ಹೊಳೆಯಿತು: ಸೊಸೆಯದು ಇಲ್ಲವಲ್ಲ! ಅವಳೂ ದುಡಿಯುವವಳೇ. ಗಂಡಸರ ಲಾರಿ ಬೈಕಿಗೆ ಹೂವು, ಅವಳ ಆಯುಧಕ್ಕೆ ಏನೂ ಇಲ್ಲವೇ? ನೆನಪಾದ ಕೂಡಲೇ ಆಕೆಗೆ ಅಯ್ಯೋ ಎನಿಸಿತು. ಹೋಗಿ ಎರಡೂ ಕೈಯಲ್ಲಿ ಎತ್ತಿಕೊಂಡು ಬಂದಳು.

ಮುಚ್ಚಳ ಬಿಚ್ಚಿ ನೋಡಿದಳು. ಮಗು ಉಗುಳಿದ ರಾಗಿ ಸರಿ ಅಕ್ಷರದ ಗುಂಡಿಗಳ ಸಂದಿಯಲ್ಲೆಲ್ಲ ಒಣಗಿ ಕೂತಿತ್ತು. ಬಿಸ್ಕತ್ತಿನ ಪುಡಿ, ಕೂದಲು, ಎಣ್ಣೆ ಬೆರಳಿನ ಗುರುತು. ಇದಕ್ಕೆ ಹೇಗೆ ಬೊಟ್ಟಿಡುವುದು?

ಆಕೆ ಪೆದ್ದಿಯಲ್ಲ. ಕರೆಂಟಿನ ಸಾಮಾನು ಎಂದು ಗೊತ್ತಿತ್ತು. ಅದಕ್ಕೇ ವೈರನ್ನು ರೂಮಿನಲ್ಲೇ ಬಿಟ್ಟು ಬಂದಿದ್ದಳು. ಆಮೇಲೆ ಯೋಚಿಸಿದಳು. ಬೋರ್‌ವೆಲ್ಲಿನ ಮೋಟರೂ ಕರೆಂಟಿನದೇ. ಅದು ಹಗಲೂ ರಾತ್ರಿ ನೀರಿನೊಳಗೇ ಮುಳುಗಿಕೊಂಡು ಓಡುತ್ತದೆ. ಒಂದು ಸಲ ಸುಟ್ಟಿತ್ತು, ಯಾವಾಗ? ನೀರು ಬತ್ತಿದಾಗ! ದ್ರಾಕ್ಷಿ ತೋಟದಲ್ಲಿ ಬಾಳಿದವಳಿಗೆ ಇದಕ್ಕಿಂತ ಸಾಕ್ಷಿ ಬೇಕೇ? ಕರೆಂಟಿಗೂ ನೀರಿಗೂ ಆಗದೆಂಬುದು ಓದಿದವರ ಹೆದರಿಕೆ ಎಂದುಕೊಂಡಳು.

ಹಳೇ ಟೂತ್‌ಬ್ರಷ್ಷನ್ನು ಸೀಗೆ ನೀರಿನಲ್ಲಿ ಅದ್ದಿ ಒಂದೊಂದು ಗುಂಡಿಯ ಸುತ್ತಲೂ ಮೆಲ್ಲಗೆ ತಿಕ್ಕಿದಳು. ಚೊಂಬಿನಿಂದ ಸಣ್ಣ ಧಾರೆ ಬಿಟ್ಟು, ಓರೆ ಹಿಡಿದು, ರಾಗಿ ಸರಿಯೆಲ್ಲ ಕರಗಿ ಹರಿದುಹೋಗುವ ತನಕ ತೊಳೆದಳು. ಆನಂದಪ್ಪನ ಹಳೇ ಪಂಚೆಯ ಮೆತ್ತನೆ ತುಂಡಿನಿಂದ ಒರೆಸಿ ಬಿಸಿಲಿಗಿಟ್ಟಳು. ಕೊನೆಗೆ ಮೇಲ್ಮುಚ್ಚಳಕ್ಕೆ ವಿಭೂತಿ, ಅರಿಶಿನ, ಕುಂಕುಮ, ಒಂದು ಸೇವಂತಿಗೆ. ಸಾಲಿನಲ್ಲಿ ಮುಂದೆ, ಎಲ್ಲಕ್ಕೂ ಮುಂದೆ, ಅದನ್ನೇ ಇಟ್ಟಳು.

ಮಧ್ಯಾಹ್ನ ಶಶಿರೇಖಾ ಬಂದಳು. ಮುನಿನಾರಾಯಣಮ್ಮ ಬಾಗಿಲಲ್ಲೇ ಕಾದಿದ್ದಳು.

“ಬಾ ಬಾ, ಕಾಲ್ ತೊಳ್ಕೊಂಡ್ ಬಾ. ನಿಂದೂ ಇಟ್ಟಿವ್ನಿ ನೋಡು.”

ಶಶಿರೇಖಾ ನೋಡಿದಳು. ಮುಖ ಅರಳಿತು. “ಅಯ್ಯೋ ಅತ್ತೆ, ನಂದಕ್ಕೂ ಪೂಜೆ ಮಾಡಿದ್ದೀರಾ! ಎಷ್ಟ್ ಚೆನ್ನಾಗಿದೆ,” ಎಂದು ಮಗುವನ್ನು ಅತ್ತೆಯ ಕೈಗೆ ಕೊಟ್ಟು, ಮೊಬೈಲು ತೆಗೆದು ಫೋಟೋ ಹಿಡಿದಳು. ಮುನಿನಾರಾಯಣಮ್ಮನಿಗೆ ಹಿಗ್ಗೋ ಹಿಗ್ಗು. ಆಮೇಲೆ ಶಶಿರೇಖಾ ಬಾಗಿ ಅದನ್ನು ಎತ್ತಿಕೊಂಡಳು.

ಅದರ ಪಕ್ಕದ ತೂತಿನಿಂದ ನೀರು ಸಣ್ಣಗೆ ಅವಳ ಹಬ್ಬದ ಸೀರೆಯ ಮೇಲೆ ಇಳಿಯಿತು.

ಅವಳು ಸೀರೆ ನೋಡಿದಳು, ಲ್ಯಾಪ್‌ಟಾಪು ನೋಡಿದಳು, ಅತ್ತೆಯನ್ನು ನೋಡಿದಳು.

“ಇದ್ಯಾಕತ್ತೆ ಒದ್ದೆಯಾಗಿದೆ?”

“ತೊಳ್ದೆ ಕಣಮ್ಮ.”

“ಏನ್ ತೊಳುದ್ರಿ?”

“ಅದನ್ನೇ. ಸಂದೀಲೆಲ್ಲಾ ಸರಿ ಮೆತ್ಕಂಡಿತ್ತು. ಚೊಂಬಲ್ಲಿ ಉಯ್ದು ತೊಳ್ದಿವ್ನಿ, ಈಗ್ ನೋಡು ಎಂಗೈತೆ!”

ಶಶಿರೇಖಾಳ ಮುಖದ ಬಣ್ಣ ಇಳಿದುಹೋಯಿತು. ಅಷ್ಟರಲ್ಲಿ ಮುನೇಶ್ ಬಂದ. ಹೆಂಡತಿಯ ಮುಖ ನೋಡಿ, ‘ಏನಾಗಲ್ಲ ಬಿಡೇ, ಬಿಸಿಲಲ್ ಒಣಗೈತೆ’ ಎಂದು ಅವಳ ಕೈಯಿಂದ ತೆಗೆದುಕೊಂಡು, ಅವಳು ‘ಆನ್ ಮಾಡ್ಬೇಡಿ, ಮಾಡ್ಬೇಡಿ’ ಎಂದು ಕಿರುಚುವಷ್ಟರಲ್ಲಿ ಗುಂಡಿ ಒತ್ತಿಯೇಬಿಟ್ಟ. ಸಣ್ಣ ದೀಪವೊಂದು ಹತ್ತಿತು. ಒಳಗೆ ಚಟ್ ಎಂದಿತು. ದೀಪ ಆರಿತು. ಸುಟ್ಟ ವಾಸನೆ ಬಂತು.

ಮುನಿನಾರಾಯಣಮ್ಮ ಆರಿದ ದೀಪವನ್ನೇ ನೋಡಿದಳು. ವೈರೇ ಇಲ್ಲದೆ ದೀಪ ಹೇಗೆ ಹತ್ತಿತು? ಒಳಗೇ ಕರೆಂಟು ಇಟ್ಟುಕೊಂಡಿರುತ್ತದೆಯೇ ಇದು? ಯಾರಿಗೆ ಗೊತ್ತಿತ್ತು! ಮಗುವನ್ನು ಎದೆಗವಚಿಕೊಂಡು ಅಲ್ಲೇ ಟಿಪ್ಪರಿನ ಚಕ್ರಕ್ಕೊರಗಿ ಕೂತಳು. ಬೇರೆಯವರ ಸಾಮಾನಿರಲಿ, ತನ್ನದೇ ಒಂದು ಪಿಂಗಾಣಿ ಲೋಟವನ್ನೂ ಒಡೆದವಳಲ್ಲ. ಒಡೆದದ್ದು ಹೋಗಿ ಹೋಗಿ ಸೊಸೆಯ ಅನ್ನದ ಆಯುಧ, ಅದೂ ಪೂಜೆಯ ದಿನ.

ಶಶಿರೇಖಾ ರೂಮಿನ ಬಾಗಿಲು ಹಾಕಿಕೊಂಡು ಕಾಶಿನಾಥನಿಗೆ ಫೋನು ಮಾಡಿದಳು. ಮಾತೆಲ್ಲ ಇಂಗ್ಲಿಷಿನಲ್ಲಿ. ಹೊರಗೆ ನಿಂತಿದ್ದ ಮುನಿನಾರಾಯಣಮ್ಮನಿಗೆ ತಿಳಿದದ್ದು ‘ಮದರ್ ಇನ್ ಲಾ’ ಎಂಬುದೊಂದೇ. ಅದನ್ನು ಮತ್ತೆ ಮತ್ತೆ ಹೇಳುತ್ತಿದ್ದಳು. ಬಾಗಿಲು ತೆಗೆದಾಗ ಅವಳ ಕಣ್ಣು ಕೆಂಪಾಗಿತ್ತು.

“ಸೋಮವಾರ ಮಿಷಿನ್ ತಗೊಂಡು ಬಾ, ಏನಾಯ್ತು ಅಂತ ಎದುರಿಗೇ ಹೇಳು ಅಂದ್ರು. ಆಮೇಲೆ ನೋಡೋಣ ಅಂದ್ರು,” ಎಂದಳು, ಗೋಡೆಗೆ ಹೇಳುವವಳಂತೆ.

ಮುನಿನಾರಾಯಣಮ್ಮ ಮುಸುರೆಯ ಮುಂದೆ ಕೂತು ಅತ್ತಳು. ಸಂಜೆ ಬಾಗಿಲ ಹತ್ತಿರ ಕಸ ಗುಡಿಸುತ್ತಿದ್ದಾಗ ಕುರ್ಚಿಯ ಮೇಲಿದ್ದ ಆನಂದಪ್ಪ ದನಿ ತಗ್ಗಿಸಿ ಕರೆದ. ಬೈಯುತ್ತಾನೆ ಎಂದುಕೊಂಡಳು. ಬೈಸಿಕೊಳ್ಳಲು ತಯಾರಾಗಿಯೇ ಹೋದಳು. ನೋಡಿದರೆ ಆತನ ಮುಖ ತುಂಬ ನಗು.

“ಭೇಷ್ ಕಣೇ! ನಾನು ವರ್ಸದಿಂದ ಬಡ್ಕಂಡ್ರೂ ಆಗ್ದಿದ್ದ ಕೆಲ್ಸಾನ ನೀನು ಒಂದ್ ಚೊಂಬು ನೀರಲ್ಲಿ ಮುಗಿಸ್ಬುಟ್ಯಲ್ಲ!”

ಆಕೆಗೆ ತಕ್ಷಣ ತಿಳಿಯಲಿಲ್ಲ. ಪೊರಕೆ ಹಿಡಿದು ಹಾಗೇ ನಿಂತಳು.

“ಪೂಜೆ ಅಂತ ಬೇರೆ! ಯಾರೂ ಒಂದ್ ಮಾತಾಡಂಗಿಲ್ಲ. ನಂಗೂ ಈ ಐಡಿಯಾ ಒಳೀಲಿಲ್ಲ ನೋಡು.”

ಆಗ ತಿಳಿಯಿತು.

“ನಾನ್ ಬೇಕೂಂತ ಮಾಡಿದ್ನಾ? ಏನ್ರೀ ಇದು, ಅಬ್ಬದ್ ದಿನ ಇಂಥ ಮಾತಾಡ್ತೀರಾ?”

“ನನ್ನತ್ರನೂ ನಾಟ್ಕನಾ? ಓಗು, ಓಗು. ನಾನ್ ಯಾರ್ಗೂ ಏಳಲ್ಲ,” ಎಂದು ಆನಂದಪ್ಪ ಕಣ್ಣು ಹೊಡೆದ. ಮದುವೆಯಾದ ಹೊಸತರಲ್ಲಿ ಹೊಡೆಯುತ್ತಿದ್ದ ಕಣ್ಣು. ಇಷ್ಟು ವರ್ಷಗಳಾದ ಮೇಲೆ ಹೆಂಡತಿಯ ಮೇಲೆ ಆತನಿಗೆ ಪ್ರೀತಿ ಉಕ್ಕಿ ಬಂದಿತ್ತು, ಅದೂ ಇದಕ್ಕೆ.

ಮುನಿನಾರಾಯಣಮ್ಮ ಪೊರಕೆ ಅಲ್ಲೇ ಬಿಟ್ಟು ರೂಮಿಗೆ ಓಡಿದಳು. ಶಶಿರೇಖಾ ಮಗುವಿನ ಬಟ್ಟೆ ಮಡಚುತ್ತಿದ್ದಳು.

“ಶಶಿ, ನಿಂಗೇನಾದ್ರೂ ನಾನು ಬೇಕೂಂತ ಮಾಡ್ದೆ ಅನ್ಸೈತಾ?”

ಶಶಿರೇಖಾ ತಲೆಯೆತ್ತಲಿಲ್ಲ. “ಬಿಡಿ ಅತ್ತೆ. ಆಗಿದ್ದಾಯ್ತು.”

“ಅಂಗಲ್ಲ. ನನ್ ಮಕ ನೋಡಿ ಏಳು.”

“ಏನ್ ಹೇಳ್ಲಿ ಅತ್ತೆ? ಆ ಡಬ್ಬಿ ಹಾಳಾಗ್ ಹೋದ್ರೆ ಸಾಕು ಅಂತ ನೀವೇ ನೀಲಕ್ಕನ ಹತ್ರ ಹೇಳ್ತಿದ್ರಿ. ಕಿಟಕೀಲಿ ಕೇಳಿಸ್ತು ನಂಗೆ.”

ಅಷ್ಟು ಹೇಳಿ ಮಡಚಿದ ಬಟ್ಟೆಯನ್ನೇ ಬಿಚ್ಚಿ ಮತ್ತೆ ಮಡಚತೊಡಗಿದಳು. ಮುನಿನಾರಾಯಣಮ್ಮನಿಗೆ ನೆನಪಾಯಿತು. ಹೌದು, ಹೇಳಿದ್ದಳು. ಹೇಳಿಲ್ಲ ಎನ್ನುವಂತಿಲ್ಲ. ಬೈದಿದ್ದರೆ ಬೈಗುಳಕ್ಕೆ ಉತ್ತರ ಕೊಡಬಹುದಿತ್ತು. ಈ ಹುಡುಗಿ ಬೈಯಲೂ ಇಲ್ಲ, ಬೈದು ಪ್ರಯೋಜನವಿಲ್ಲದವಳೆಂದು ತೀರ್ಮಾನಿಸಿದಂತೆ ಸುಮ್ಮನಿದ್ದಳು.

ಮಾರನೇ ದಿನ ವಿಜಯದಶಮಿಗೆ ಬನ್ನಿ ಕೊಡಲು ಬಂದ ನೀಲಕ್ಕನ ಕೈ ಹಿಡಿದು, “ನೀನಾರ ಅವ್ಳಿಗೆ ಒಂದ್ ಮಾತ್ ಏಳೇ, ನಾನ್ ಅಂಥೋಳಲ್ಲ ಅಂತ,” ಎಂದು ಬೇಡಿಕೊಂಡಳು.

ನೀಲಕ್ಕ ಆಚೀಚೆ ನೋಡಿ ಪಿಸುಗುಟ್ಟಿದಳು: “ಅಯ್ಯೋ, ನಾನೂ ಅಂಗೇ ಅನ್ಕಂಡಿದ್ನಲ್ಲಕ್ಕ. ಬೀದೀಲೆಲ್ಲಾ ಅಂಗೇ ಅಂತಾವ್ರೆ. ನೀನೇನ್ ತಲೆ ಕೆಡಿಸ್ಕಬೇಡ, ಯಾರೂ ತಪ್ ಅಂತಿಲ್ಲ.”

ಯಾರೂ ತಪ್ಪೆನ್ನುತ್ತಿಲ್ಲ! ಇದಕ್ಕಿಂತ ಘೋರ ಮಾತನ್ನು ಮುನಿನಾರಾಯಣಮ್ಮ ಕೇಳಿರಲಿಲ್ಲ. ಹಬ್ಬದ ದಿನ ಹೆಣ್ಣುಮಗಳೊಬ್ಬಳ ಅನ್ನಕ್ಕೆ ನೀರು ಹುಯ್ದಳು ಎಂದು ಇಡೀ ಬೀದಿ ನಂಬಿದೆ, ನಂಬಿ ತಲೆದೂಗುತ್ತಿದೆ. ಅವತ್ತು ಹಾಲು ಉಕ್ಕಿ ಒಲೆಯ ಮೇಲೆ ಹರಿದದ್ದು ಹಾಗೇ ಒಣಗಿತು. ಆಕೆ ಒರೆಸಲಿಲ್ಲ. ಮುಂದಿನ ದಿನವೂ ಒರೆಸಲಿಲ್ಲ. ಮುನೇಶ್ ಹೆದರಿ, ‘ಅವ್ವಾ, ಡಾಕ್ಟ್ರತ್ರ ಓಗಾಣ್ವಾ?’ ಎಂದು ಕೇಳಿದ.

ಸೋಮವಾರ ಶಶಿರೇಖಾ ಹೊರಟಾಗ ಮುನಿನಾರಾಯಣಮ್ಮ ಸೀರೆಯುಟ್ಟು ಮಗುವನ್ನೆತ್ತಿಕೊಂಡು ಗೇಟಿನಲ್ಲಿ ನಿಂತಿದ್ದಳು.

“ನಾನೂ ಬತ್ತೀನಿ. ಕೆಡಿಸಿದ್ದು ನಾನು. ನಾನೇ ಏಳ್ತೀನಿ.”

“ಬೇಡ ಅತ್ತೆ.”

“ಮಗೀಗ್ ಆಲು ಯಾರ್ ಕೊಡ್ತಾರೆ ಮನೇಲಿ? ನಡಿ.”

ಶಶಿರೇಖಾ ಆಟೋ ಹತ್ತಿ ಸರಿದು ಜಾಗ ಬಿಟ್ಟಳು. ಆಟೋ ಹೆಬ್ಬಾಳದ ಫ್ಲೈಓವರ್ ದಾಟಿ ರಿಂಗ್ ರೋಡು ಹಿಡಿಯುವವರೆಗೂ ಇಬ್ಬರೂ ಎರಡು ಕಡೆಯ ರಸ್ತೆ ನೋಡಿಕೊಂಡು ಕೂತಿದ್ದರು. ಮಗು ಮಾತ್ರ ನಡುವೆ ಕೂತು ಇಬ್ಬರ ಸೆರಗನ್ನೂ ಎಳೆಯುತ್ತಿತ್ತು.

ಆಫೀಸಿನಲ್ಲಿ ಹೊರಗಿನವರನ್ನು ಕೂರಿಸುವ ಗಾಜಿನ ಕೋಣೆಯೊಂದಿತ್ತು. ಕಾಶಿನಾಥ ಬಂದ. ನಡುವಯಸ್ಸು, ಮೆತ್ತಗಿನ ಮಾತು. ‘ಕೂತ್ಕೊಳ್ಳಿ ಅಮ್ಮ, ನೀರು ಕುಡೀತೀರಾ?’ ಎಂದು ವಿಚಾರಿಸಿ, ಶಶಿರೇಖಾಳ ಕಡೆ ತಿರುಗಿದ.

“ನೋಡಿ ಶಶಿರೇಖಾ, ಮಿಷಿನ್ ಹೋಗಿದ್ದಕ್ಕೆ ನಾನೇನೂ ಅನ್ನಲ್ಲ. ಟೀ ಚೆಲ್ಲೋರಿದ್ದಾರೆ, ಮಂಚದಿಂದ ಬೀಳಿಸೋರಿದ್ದಾರೆ. ಆದ್ರೆ ಚೊಂಬಲ್ಲಿ ನೀರ್ ಹುಯ್ದಿದ್ದು ಅಂದ್ರೆ ಮೇಲಿನೋರು ನಂಬಲ್ಲ. ಮನೇಲಿ ನೀವು ಕೆಲ್ಸ ಮಾಡೋದು ಇಷ್ಟ ಇಲ್ಲ ಅಂತ ನೀವೇ ಒಂದ್ಸಲ ಹೇಳಿದ್ರಿ. ನೇರವಾಗಿ ಕೇಳ್ತೀನಿ. ಇದು ಆಕ್ಸಿಡೆಂಟಾ? ನೀವು ಹೌದು ಅಂದ್ರೆ ನಾನು ಮುಂದಕ್ಕೆ ಕಳಿಸ್ತೀನಿ.”

ಒಂದು ‘ಹೌದು’. ಆ ಮಾತೊಂದರಿಂದ ಅವಳ ಕೆಲಸ ಉಳಿಯುತ್ತಿತ್ತು. ಮುನಿನಾರಾಯಣಮ್ಮ ಸೊಸೆಯ ಬಾಯನ್ನೇ ನೋಡಿದಳು. ಶಶಿರೇಖಾ ಬಾಯಿ ತೆರೆದಳು, ಮುಚ್ಚಿದಳು, ಮಡಿಲಲ್ಲಿದ್ದ ಸತ್ತ ಲ್ಯಾಪ್‌ಟಾಪಿನ ಅಂಚನ್ನು ಬೆರಳಿನಿಂದ ಸವರಿದಳು. ಸುಳ್ಳು ಹೇಳಲು ಅವಳಿಗೆ ಬರುತ್ತಿರಲಿಲ್ಲ. ಅತ್ತೆ ಬೇಕೆಂದೇ ಮಾಡಿದ್ದಾಳೆ ಎಂದು ನಂಬಿದವಳು ಆಕ್ಸಿಡೆಂಟು ಎಂದು ಹೇಗೆ ಹೇಳಿಯಾಳು? ಕೆಲಸ ಹೋದರೂ ಚಿಂತೆಯಿಲ್ಲ, ಆ ಮಾತು ನನ್ನ ಬಾಯಿಂದ ಬರುವುದಿಲ್ಲ ಎನ್ನುವಷ್ಟು ಆಳಕ್ಕೆ ಇಳಿದಿದೆ ಈ ಅನುಮಾನ. ಮುನಿನಾರಾಯಣಮ್ಮ ಆ ಮುಖ ನೋಡಲಾರದೆ ಕಣ್ಣು ಅತ್ತ ತಿರುಗಿಸಿದಳು, ಗಾಜಿನಾಚೆಗೆ.

ಗಾಜಿನಾಚೆ ಉದ್ದಕ್ಕೂ ಕಂಪ್ಯೂಟರುಗಳು. ಪ್ರತಿಯೊಂದರ ಹಣೆಗೂ ಕುಂಕುಮ. ಹಬ್ಬಕ್ಕೆ ಕಟ್ಟಿದ ಬಾಳೆಕಂದು ಕಂಬದ ಪಕ್ಕದಲ್ಲಿ ಬಾಡಿ ಬಾಗಿತ್ತು. ಚೆಂಡು ಹೂವಿನ ಹಾರಗಳು ಸುಕ್ಕಾಗಿ ನೇತಾಡುತ್ತಿದ್ದವು. ಇಲ್ಲೂ ಪೂಜೆ ಮಾಡಿದ್ದಾರೆ! ಆಕೆ ಮಗುವನ್ನು ಸೊಂಟದಲ್ಲಿ ಸರಿಮಾಡಿಕೊಂಡು ಎದ್ದು ಹತ್ತಿರ ಹೋದಳು. ಗಾಜಿನ ಬಾಗಿಲು ತೆರೆದೇ ಇತ್ತು. ಮೊದಲ ಮೇಜಿನ ಮುಂದೆ ಬಗ್ಗಿ ನೋಡಿದಳು.

“ಅಯ್ಯಯ್ಯಯ್ಯೋ!”

ಕೂಗಿಗೆ ಸಾಲಿನಲ್ಲಿದ್ದ ತಲೆಗಳೆಲ್ಲ ತಿರುಗಿದವು. ಕಾಶಿನಾಥ ಏನಾಯಿತೋ ಎಂದು ಓಡಿ ಬಂದ.

“ಏನ್ ಸಾರ್ ಇದು? ತೊಳ್ದೇ ಇಲ್ವಲ್ಲ ಸಾರ್! ಕಾಫಿ ಕಲೆ ಅಂಗೇ ಐತೆ, ಬಿಸ್ಕತ್ ಪುಡಿ ಅಂಗೇ ಐತೆ, ಇದ್ರ್ ಮ್ಯಾಲೆ ಬೊಟ್ಟಿಟ್ಟವ್ರಾ? ಥೂ ಥೂ! ಇಷ್ಟೊಂದ್ ಜನ ಇದ್ರಲ್ಲೇ ಅನ್ನ ತಿಂತೀರಿ. ಒಬ್ರಿಗಾದ್ರೂ ಕೈ ಬರ್ಲಿಲ್ವಾ?”

ಕಾಶಿನಾಥ ತಬ್ಬಿಬ್ಬಾದ. “ಅಮ್ಮಾ, ಅದು... ಇದಕ್ಕೆ ನೀರು ಹಾಕೋ ಹಾಗಿಲ್ಲ...”

“ಅದು ಈಗ್ ಗೊತ್ತಾಯ್ತಲ್ಲ ಸಾರ್ ನಂಗೆ, ಸೊಸೆ ಅನ್ನಕ್ಕೆ ಕಲ್ ಆಕಿದ್ ಮ್ಯಾಲೆ! ನೀರ್ ಬ್ಯಾಡ, ಬಟ್ಟೆಗೂ ಬರವಾ? ಕೊಳೆ ಮ್ಯಾಲೆ ಕುಂಕುಮ ಇಟ್ರೆ ಅದು ಪೂಜೆ ಎಂಗಾಯ್ತದೆ? ನಮ್ಮನೇಲಿ ಇರೋದೇ ಒಂದು. ಒಂದೊಂದ್ ಗುಂಡೀನೂ ಮಗೀನ್ ಅಲ್ಲು ತಿಕ್ಕಿದಂಗೆ ತಿಕ್ಕಿದ್ನಲ್ಲೋ ದೇವ್ರೇ...”

ಹೇಳುತ್ತಲೇ ಆಕೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಆ ಗುಂಡಿಗಳ ಸಂದಿಯನ್ನು ಒರೆಸತೊಡಗಿದ್ದಳು. ತಾನು ಯಾಕೆ ಬಂದಿದ್ದೇನೆ, ಎಲ್ಲಿದ್ದೇನೆ, ಯಾರು ನೋಡುತ್ತಿದ್ದಾರೆ ಯಾವುದರ ಪರಿವೆಯೂ ಆಕೆಗಿರಲಿಲ್ಲ. ಆ ಮೇಜಿನ ಹುಡುಗ ತನ್ನ ಕುರ್ಚಿಯನ್ನು ಹಿಂದಕ್ಕೆ ಸರಿಸಿಕೊಂಡು ಗೌರವದಿಂದ ಜಾಗ ಬಿಟ್ಟ. ಎಲ್ಲರೂ ನಗುತ್ತಿದ್ದರು. ಆಕೆ ಅಳುತ್ತಿದ್ದಳು, ಒರೆಸುತ್ತಿದ್ದಳು.

ಶಶಿರೇಖಾ ನಗಲಿಲ್ಲ. ಗಾಜಿನ ಬಾಗಿಲಲ್ಲಿ ನಿಂತು ಅತ್ತೆಯ ಆ ಬೆರಳನ್ನೇ ನೋಡುತ್ತಿದ್ದಳು. ಹೀಗೆ ನಾಟಕವಾಡಲು ಯಾರಿಂದಲೂ ಆಗದು. ಈ ಹೆಂಗಸು ನಿಜವಾಗಿಯೂ ತೊಳೆದದ್ದು. ಬರೀ ತೊಳೆದದ್ದು. ತಾನು ಹಬ್ಬವಿಡೀ ಏನೆಂದುಕೊಂಡು ಕೂತಿದ್ದೆ!

“ಆಕ್ಸಿಡೆಂಟ್ ಸರ್,” ಎಂದಳು. “ಎಲ್ಲಿ ಬೇಕಾದ್ರೂ ಹೇಳ್ತೀನಿ. ನಮ್ಮತ್ತೆ ಬೇಕೂಂತ ಮಾಡಿಲ್ಲ.”

ಆಮೇಲೆ ಹೋಗಿ ಅತ್ತೆಯ ಕೈ ಹಿಡಿದು ನಿಲ್ಲಿಸಿದಳು. “ಸಾಕು ಬನ್ನಿ ಅತ್ತೆ. ತಪ್ಪಾಯ್ತು. ನಂದೇ ತಪ್ಪಾಯ್ತು.”

ಕಾಶಿನಾಥನೂ ಕಣ್ಣೊರೆಸಿಕೊಂಡ. ನಗು ಹೆಚ್ಚಾಗಿಯೋ ಏನೋ, ಹೇಳುವುದು ಕಷ್ಟ. ವಾರದೊಳಗೆ ಬೇರೆ ಮಿಷಿನ್ ಬರುತ್ತದೆ, ಮನೆಯಿಂದಲೇ ಮಾಡಲಿ ಎಂದ. ಮೇಲಿನವರಿಗೆ ಏನು ಹೇಳಬೇಕೋ ತಾನು ಹೇಳುತ್ತೇನೆ ಎಂದ. ಬಾಗಿಲವರೆಗೂ ಬಂದು ಮಗುವಿನ ಕೆನ್ನೆ ಚಿವುಟಿ ಕಳಿಸಿದ.

ವಾಪಸು ಬರುವಾಗ ಆಟೋದಲ್ಲಿ ಶಶಿರೇಖಾ ಅತ್ತೆಯ ಭುಜಕ್ಕೆ ತಲೆಯಿಟ್ಟಳು. ಮುನಿನಾರಾಯಣಮ್ಮ ಅವಳ ತಲೆ ಸವರಿದಳು. ಎದೆಯ ಭಾರ ಇಳಿದಿತ್ತು. ಆದರೆ ಆ ಭಾರದ ಕೆಳಗೆ ಇನ್ನೇನೋ ಉಳಿದಿತ್ತು, ಏನೆಂದು ಆಟೋ ಇಳಿಯುವವರೆಗೂ ಆಕೆಗೆ ಗೊತ್ತಾಗಲಿಲ್ಲ.

ಇಳಿದರೆ ಬಾಗಿಲಲ್ಲಿ ಆನಂದಪ್ಪ, ಅದೇ ಕುರ್ಚಿ, ಅದೇ ನಗು. ಸೊಸೆ ಒಳಗೆ ಹೋಗುವವರೆಗೆ ಕಾಯುವ ತಾಳ್ಮೆಯೂ ಇಲ್ಲ.

“ಏನಂದ್ರೇ? ಮುಗೀತಾ?”

ಮುನಿನಾರಾಯಣಮ್ಮ ಮಗುವನ್ನು ಶಶಿರೇಖಾಳ ಕೈಗೆ ಕೊಟ್ಟು ಗಂಡನ ಎದುರಿಗೆ ನಿಂತಳು.

“ಕೆಲ್ಸ ಉಳೀತು. ಒಸಾದು ಕೊಡ್ತಾರಂತೆ.”

ಆನಂದಪ್ಪನ ನಗು ಅರ್ಧಕ್ಕೆ ನಿಂತಿತು. “ಅಂಗಾರೆ ನೀನ್ ಅಷ್ಟೆಲ್ಲಾ ಮಾಡಿದ್ದು...”

“ತಡೀರಿ. ನಾನೊಂದ್ ಕೇಳ್ತೀನಿ. ಇವ್ಳು ಈ ಮನೇಗ್ ಬಂದು ಮೂರ್ ವರ್ಸ ಆಗಿಲ್ಲ. ನನ್ನ ತಪ್ ತಿಳ್ಕಂಡ್ಳು, ಸಂಕಟ ಪಟ್ಕಂಡ್ಳು, ಇವತ್ತು ತಿದ್ಕಂಡ್ಳು. ಪರವಾಗಿಲ್ಲ, ಅವ್ಳಿಗ್ ನಾ ಗೊತ್ತಿರ್ಲಿಲ್ಲ. ನಿಮ್ಗೆ? ಮೂವತ್ತೈದ್ ವರ್ಸ ನನ್ ಕೈಲಿ ಉಂಡಿದ್ದೀರಿ. ಒಬ್ಳ ಅನ್ನ ಕಿತ್ಕಳೋ ಅಂಥೋಳು ನಾನು ಅಂತ ನಿಮ್ಗೂ ಅನ್ಸ್ತು. ಅನ್ಸಿದ್ ಮ್ಯಾಲೆ ಬೈದಿದ್ರೂ ನಂಗ್ ಸಂಕ್ಟ ಇರ್ಲಿಲ್ಲ. ನೀವು ನಕ್ರಿ. ಕಣ್ ಒಡುದ್ರಿ. ಭೇಷ್ ಅಂದ್ರಿ.”

ಆನಂದಪ್ಪ ಏನೋ ಹೇಳಲು ಹೋದ.

“ಅಂಥೋಳ್ ಜೊತೆ ಎಂಗ್ರೀ ಬಾಳುದ್ರಿ ಇಷ್ಟ್ ವರ್ಸ?”

ಆನಂದಪ್ಪ ಬೀದಿ ಕೊನೆಯ ಬೇಕರಿಯ ಕಡೆ ನೋಡಿದ. ಆಕೆ ಉತ್ತರಕ್ಕಾಗಿ ಸ್ವಲ್ಪ ಹೊತ್ತು ನಿಂತೇ ಇದ್ದಳು, ನಿಜವಾಗಿಯೂ ಕಾದಳು. ಆಮೇಲೆ ಚಪ್ಪಲಿ ಬಿಟ್ಟು ಒಳಗೆ ಹೋದಳು.